3 ಮಿಲಿಮೀಟರ್ ಬ್ರಾಂಕೋಸ್ಕೋಪು: ಎರಡು ವರ್ಷ ಬಳಸಿದ ಮೇಲೆ

ಮೊಬೈಲಿಗೆ, ಮಿಕ್ಸಿಗೆ, ಪಂಪ್‌ಸೆಟ್ಟಿಗೆ ಎಲ್ಲದಕ್ಕೂ ಜನ ರಿವ್ಯೂ ಬರೆಯುತ್ತಾರೆ. ನಾನು ದಿನಾ ಕೈಯಲ್ಲಿ ಹಿಡಿಯುವ ಸಾಮಾನಿನ ಬಗ್ಗೆ ಕನ್ನಡದಲ್ಲಿ ಯಾರಾದರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ, ಅದಕ್ಕೇ ಕೂತೆ. ಬ್ರಾಂಕೋಸ್ಕೋಪು ಅಂದರೆ ಗಂಟಲಿನ ಮೂಲಕ ಶ್ವಾಸಕೋಶದೊಳಗೆ ಇಳಿಸಿ, ಒಳಗಿನದನ್ನು ಮಾನಿಟರಿನಲ್ಲಿ ನೋಡುವ ಬಗ್ಗುವ ಕೊಳವೆ. ನಾನು ಹುಬ್ಬಳ್ಳಿ ಕಡೆಯ ಒಂದು ಆಸ್ಪತ್ರೆಯ ಬ್ರಾಂಕೋಸ್ಕೋಪಿ ರೂಮಿನಲ್ಲಿ ಟೆಕ್ನಿಷಿಯನ್. ಡಾಕ್ಟರ್ ಅಲ್ಲ. ಸ್ಕೋಪು ಜೋಡಿಸುವುದು, ಕೇಸ್ ನಡೆಯುವಾಗ ಡಾಕ್ಟರ್ 'ಓಪನ್' ಅಂದರೆ ಚೂರು ಕೀಳುವ ಚಿಮಟದಂಥ ಫೋರ್ಸೆಪ್ಸಿನ ಬಾಯಿ ತೆರೆಯುವುದು, 'ಕ್ಲೋಸ್' ಅಂದರೆ ಮುಚ್ಚುವುದು, ಎಲ್ಲ ಮುಗಿದ ಮೇಲೆ ಸ್ಕೋಪು ತೊಳೆಯುವುದು, ಇಷ್ಟು ನನ್ನ ಕೆಲಸ. ಎರಡು ವರ್ಷದ ಹಿಂದೆ ನಮ್ಮ ರೂಮಿಗೆ ತೆಳು ಸ್ಕೋಪು ಬಂತು. ಅವತ್ತಿಂದ ಅದನ್ನು ತೊಳೆದವನು ನಾನು, ಬೈದವನೂ ನಾನೇ, ಆಮೇಲೆ ನಮ್ಮ ಸ್ವಂತ ಮಾಮಾನ ಗಂಟಲಿಗೆ ಅದು ಇಳಿಯುವಾಗ ಪಕ್ಕದಲ್ಲಿ ನಿಂತವನೂ ನಾನೇ. ಹಾಗಾಗಿ ಈ ರಿವ್ಯೂ ಬರೆಯುವ ಹಕ್ಕು ನನಗೆ ಸ್ವಲ್ಪ ಇದೆ ಅಂದುಕೊಂಡಿದ್ದೇನೆ. ಕಂಪನಿ ಹೆಸರು, ಆಸ್ಪತ್ರೆ ಹೆಸರು ಎರಡೂ ಹೇಳುವುದಿಲ್ಲ. ನೌಕರಿ ಬೇಕಲ್ಲ.

ಮೊದಲು ಸಾಮಾನಿನ ವಿಷಯ. ಮಾಮೂಲಿ ಬ್ರಾಂಕೋಸ್ಕೋಪು 5ರಿಂದ 6 ಮಿ.ಮೀ. ದಪ್ಪ ಇರುತ್ತದೆ, ಪೆನ್ಸಿಲ್ಲಿಗಿಂತ ಸ್ವಲ್ಪ ಸಣ್ಣ. 'ತೆಳು' ಎಂದು ಕರೆಯುವುದು 4 ಮಿ.ಮೀ. ಆಸುಪಾಸಿನದನ್ನು. ನಾನು ಹೇಳುತ್ತಿರುವುದು ಅದಕ್ಕೂ ತೆಳು, 'ಅಲ್ಟ್ರಾಥಿನ್' ಅನ್ನುತ್ತಾರೆ (ಮುಂದೆ ನಾನು ತೆಳು ಸ್ಕೋಪು ಅಂದರೆ ಇದೇ), ತುದಿ 3 ಮಿ.ಮೀ. ಅಷ್ಟರೊಳಗೇ ಚಿತ್ರ ಹಿಡಿಯುವ ಮಸೂರ ಇರಬೇಕು, ಬೆಳಕು ಬರಬೇಕು, ತುದಿ ಮೇಲೆ ಕೆಳಗೆ ಬಗ್ಗಬೇಕು, ಇದೆಲ್ಲ ಆದ ಮೇಲೆ ಉಳಿದ ಜಾಗದಲ್ಲಿ ಸಾಮಾನು ತೂರಿಸಲು ಒಂದು ತೂತು ಬೇಕು. ಆ ತೂತು 1.7 ಮಿ.ಮೀ.

ಈ 1.7 ಅನ್ನುವ ಅಂಕಿಯೇ ಇದರ ಜೀವ, ನನ್ನ ಲೆಕ್ಕದಲ್ಲಿ 3ಕ್ಕಿಂತ ಇದೇ ಮುಖ್ಯ. ಯಾಕೆಂದರೆ ಇದಕ್ಕೂ ಮುಂಚೆ ತೆಳು ಸ್ಕೋಪು ಇರಲಿಲ್ಲ ಅಂತಲ್ಲ, ಇದ್ದವು, 2.8 ಮಿ.ಮೀ. ದಪ್ಪದವೂ ಇದ್ದವು, ಆದರೆ ಅವುಗಳ ತೂತು 1.2 ಮಾತ್ರ. ಶ್ವಾಸಕೋಶದ ಒಳಗೆ ಹೋಗಿ 'ಗಂಟು (ಸ್ಕ್ಯಾನಿನಲ್ಲಿ ಮಚ್ಚೆಯಾಗಿ ಕಾಣುವ ಗಡ್ಡೆ) ಇಲ್ಲೇ ಇದೆ' ಎಂದು ತೋರಿಸುವ ಅಲ್ಟ್ರಾಸೌಂಡ್ ಕಡ್ಡಿ ಒಂದಿದೆ, ರೇಡಿಯಲ್ ಈಬಸ್ ಪ್ರೋಬ್ ಅಂತ, ಅದರ ದಪ್ಪ 1.4. ಅದು 1.2ರ ತೂತಿನಲ್ಲಿ ಹೋಗುವುದಿಲ್ಲ. ಅಂದರೆ ಸ್ಕೋಪು ಮನೆ ಬಾಗಿಲ ತನಕ ಹೋದರೂ ಒಳಗೆ ಯಾರಿದ್ದಾರೆ ಅಂತ ಗೊತ್ತಾಗುತ್ತಿರಲಿಲ್ಲ. 1.7ರಲ್ಲಿ ಪ್ರೋಬ್ ಹೋಗುತ್ತದೆ, ಸಣ್ಣ ಫೋರ್ಸೆಪ್ಸ್ ಹೋಗುತ್ತದೆ, ಬ್ರಶ್ ಹೋಗುತ್ತದೆ. ಅಂದ ಹಾಗೆ ಈಬಸ್ ಅಂದಾಗ ಪೇಶಂಟ್ ಕಡೆಯವರು ಒಬ್ಬರು 'ಬಸ್ ಎಷ್ಟೊತ್ತಿಗಿ ಬರ್ತದರಿ' ಅಂತ ನಿಜವಾಗಿಯೂ ಕೇಳಿದ್ದರು. ಆಮೇಲಿಂದ ನಾನು 'ಸ್ಕ್ಯಾನ್ ಕಡ್ಡಿ' ಅಂತಲೇ ಹೇಳುತ್ತೇನೆ.

ಇದೆಲ್ಲ ಯಾಕೆ ಬೇಕು ಅಂದರೆ, ಶ್ವಾಸಕೋಶದ ಗಾಳಿ ಕೊಳವೆ ಒಂದು ಮರದ ಹಾಗೆ ಕವಲೊಡೆಯುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಹೀಗೆ ಸುಮಾರು 23 ಸಲ. ದಪ್ಪ ಸ್ಕೋಪು ಮೂರ್ನಾಲ್ಕು ಕವಲಿಗೆ ಸಿಕ್ಕಿಹಾಕಿಕೊಂಡು ನಿಲ್ಲುತ್ತದೆ. ಗಂಟು ನಡುವೆ ಇದ್ದರೆ ಪರವಾಗಿಲ್ಲ, ಕಣ್ಣಿಗೇ ಕಾಣುತ್ತದೆ, ಪರೀಕ್ಷೆಗೆ ಒಂದು ಚೂರು ಕಿತ್ತುಕೊಂಡು ಬರಬಹುದು. ಹೊರಗಿನ ಅಂಚಿನಲ್ಲಿ ಇದ್ದರೆ ಕಾಣುವುದೇ ಇಲ್ಲ. ನಮ್ಮ ಮಾಮಾಗೆ ನಾನು ಹೇಳಿದ್ದು ಹೀಗೆ: ಮೆಣಸಿನ ಗಿಡ ತಲೆಕೆಳಗಾಗಿ ನೇತು ಹಾಕಿದ ಹಾಗೆ ಇದೆ, ನಿಮ್ಮ ಗಂಟು ಕಾಂಡದಲ್ಲಿಲ್ಲ, ತುದಿ ಟೊಂಗೆಯ ಕಾಯಿ ಹಾಗೆ ಇದೆ, ಅಲ್ಲಿಗೆ ಕೈ ಹಾಕಲು ಸಣ್ಣ ಕೈ ಬೇಕು.

ಮೆಣಸಿನ ಗಿಡ ಯಾಕೆಂದರೆ ಮಾಮಾ ಬ್ಯಾಡಗಿಯವರು. ಅಲ್ಲಿನ ಮಾರುಕಟ್ಟೆಯಲ್ಲಿ, ಒಂದು ದಲಾಲಿ ಅಂಗಡಿಯಲ್ಲಿ, ಮೂವತ್ತು ವರ್ಷ ದುಡಿದವರು. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತ ಎಲ್ಲರಿಗೂ ಗೊತ್ತು, ಆದರೆ ಸಾವಿರ ಚೀಲದ ನಡುವೆ ನಿಂತು ನೋಡಿ, ಆಗ ಹೇಳಿ. ಹಾಗಾಗಿ ಮಾಮಾನ ಕೆಮ್ಮು ಮನೆಯಲ್ಲಿ ಯಾರಿಗೂ ಸುದ್ದಿಯೇ ಆಗಿರಲಿಲ್ಲ. ಘಾಟು, ಅಷ್ಟೇ. ಜತೆಗೆ ಬೀಡಿ. ತೂಕ ಇಳಿದಾಗ ಊರ ಹತ್ತಿರದ ಒಬ್ಬ ಡಾಕ್ಟರಿಗೆ ತೋರಿಸಿದರು, ಎಕ್ಸ್‌ರೇಯಲ್ಲಿ ಬಲಗಡೆ ಮೇಲೆ ಒಂದು ಮಚ್ಚೆ ಕಂಡಿತು, ಕಫ ಪರೀಕ್ಷೆಯಲ್ಲಿ ಏನೂ ಬರಲಿಲ್ಲ, ಆದರೂ ಟಿಬಿ ಮಾತ್ರೆ ಶುರು ಮಾಡಿದರು. ಆರು ತಿಂಗಳು. ಮೂತ್ರ ಕಿತ್ತಳೆ ಬಣ್ಣಕ್ಕೆ ಬಂತು, ಬಾಯಿ ರುಚಿ ಹೋಯಿತು, ಮಚ್ಚೆ ಮಾತ್ರ ಇದ್ದಲ್ಲೇ ಇತ್ತು.

ಆ ಡಾಕ್ಟರನ್ನು ನಾನು ಪೂರ್ತಿ ಬೈಯುವುದಿಲ್ಲ. ನಮ್ಮ ದೇಶದಲ್ಲಿ ಮೇಲಿನ ಭಾಗದಲ್ಲಿ ಮಚ್ಚೆ, ಕೆಮ್ಮು, ತೂಕ ಇಳಿಕೆ ಅಂದರೆ ಟಿಬಿ ಅಂತ ಅಂದಾಜು ಮಾಡುವುದು ತಪ್ಪಲ್ಲ, ಬಹಳ ಸಲ ಅದೇ ಆಗಿರುತ್ತದೆ. ಆದರೆ ಎರಡು ತಿಂಗಳಿಗೆ ಇನ್ನೊಂದು ಎಕ್ಸ್‌ರೇ ತೆಗೆದು, ಕಡಿಮೆ ಆಗಿಲ್ಲ ಅಂದರೆ ಯಾಕೆ ಅಂತ ಕೇಳಿಕೊಳ್ಳಬೇಕಿತ್ತು. ನಮ್ಮ ರೂಮಿಗೆ ಹೀಗೆ ಸುಮ್ನೆ ಮಾತ್ರೆ ನುಂಗಿ ಬಂದವರನ್ನು ನಾನು ಎಷ್ಟೋ ಜನರನ್ನು ನೋಡಿದ್ದೇನೆ. ತೆಳು ಸ್ಕೋಪಿನ ನಿಜವಾದ ಉಪಯೋಗ ನಮ್ಮ ಕಡೆ ಇಲ್ಲೇ ಇದೆ ಅಂತ ನನಗೆ ಅನಿಸುವುದು. ಅಂದಾಜಿನ ಮೇಲೆ ಆರು ತಿಂಗಳು ಕಳೆಯುವ ಬದಲು ಆ ಜಾಗಕ್ಕೇ ಹೋಗಿ ಒಂದು ಚೂರು ತರಬಹುದು, ಅದೇ ಜಾಗದಲ್ಲಿ ಸಲೈನ್ ಬಿಟ್ಟು ವಾಪಸ್ ಎಳೆದು ಆ ನೀರನ್ನು ಟಿಬಿಯ ಸಿಬಿನಾಟ್ ಪರೀಕ್ಷೆಗೂ ಕಳಿಸಬಹುದು. ಟಿಬಿ ಆದರೆ ಟಿಬಿ, ಅಲ್ಲ ಅಂದರೆ ಅಲ್ಲ.

ಮಾಮಾ ನಮ್ಮಲ್ಲಿಗೆ ಬಂದಾಗ ಕೈಯಲ್ಲಿ ಒಂದು ದೊಡ್ಡ ಕವರು, ಅದರಲ್ಲಿ ಸಿಟಿ ಸ್ಕ್ಯಾನಿನ ಫಿಲ್ಮು. ಎಲ್ಲರೂ ಇದನ್ನೇ ತರುತ್ತಾರೆ, ಮಡಚದ ಹಾಗೆ ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಬರುತ್ತಾರೆ, ನೋಡಿದರೆ ಪಾಪ ಅನಿಸುತ್ತದೆ. ಆದರೆ ಈ ಕೆಲಸಕ್ಕೆ ಫಿಲ್ಮು ಸಾಲುವುದಿಲ್ಲ. ಬೇಕಾದದ್ದು ಸಿಡಿ, ಅದೂ 1 ಮಿ.ಮೀ. ಆಸುಪಾಸಿನ ತೆಳು ಹೋಳುಗಳ ಸ್ಕ್ಯಾನು. ಯಾಕೆಂದರೆ ಕಂಪ್ಯೂಟರಿನಲ್ಲಿ ಒಂದೊಂದೇ ಹೋಳು ಸರಿಸುತ್ತ, ಯಾವ ಕೊಳವೆ ಎಲ್ಲಿ ಕವಲೊಡೆದು ಗಂಟಿನ ಕಡೆ ಹೋಗುತ್ತದೆ ಅಂತ ನೋಡಬೇಕು. ಸ್ಕ್ಯಾನ್ ಸೆಂಟರಿನವರು ಕೇಳದೆ ಸಿಡಿ ಕೊಡುವುದಿಲ್ಲ. ಕೇಳಿ ತೆಗೆದುಕೊಳ್ಳಿ. ಈ ಬರಹದಿಂದ ಒಂದೇ ಮಾತು ನೆನಪಿಟ್ಟುಕೊಳ್ಳುತ್ತೀರಿ ಅಂದರೆ ಇದನ್ನೇ ಇಟ್ಟುಕೊಳ್ಳಿ.

ನಮ್ಮ ಡಾಕ್ಟರ್ ಮೇಡಂ ಹಿಂದಿನ ದಿನ ಸಂಜೆ ಕೂತು ದಾರಿ ಬರೆದುಕೊಳ್ಳುತ್ತಾರೆ. ಇದಕ್ಕೇ ಸಾಫ್ಟ್‌ವೇರ್ ಇದೆ, ಸಿಟಿಯಿಂದ ಒಳಗಿನ ಕೊಳವೆಗಳ ಚಿತ್ರ ಮಾಡಿ ಗೂಗಲ್ ಮ್ಯಾಪಿನ ಹಾಗೆ ದಾರಿ ತೋರಿಸುತ್ತದೆ, ನಮ್ಮ ಆಸ್ಪತ್ರೆ ಅದನ್ನು ಕೊಂಡಿಲ್ಲ. ಮೇಡಂ ಕಾಗದದ ಮೇಲೆ ಪೆನ್ನಿನಲ್ಲಿ ಕವಲು ಬಿಡಿಸುತ್ತಾರೆ. ಎಡಕ್ಕೆ, ಆಮೇಲೆ ಮೇಲಿನದು, ಆಮೇಲೆ ಬಲಕ್ಕೆ, ಆಮೇಲೆ ಎರಡರಲ್ಲಿ ಸಣ್ಣದು. ಧಾರವಾಡದ ಹಳೆ ಓಣಿಯಲ್ಲಿ ಮನೆ ಹುಡುಕುವಾಗ ಯಾರೋ ಚೀಟಿ ಬರೆದು ಕೊಟ್ಟ ಹಾಗೆ. ಆ ಚೀಟಿ ನಾನು ಮಾನಿಟರ್ ಪಕ್ಕ ಅಂಟಿಸುತ್ತೇನೆ. ಚೀಟಿ ಚೆನ್ನಾಗಿದ್ದ ದಿನ ಕೇಸ್ ಚೆನ್ನಾಗಿ ಆಗುತ್ತದೆ, ಇದು ನನ್ನ ಅನುಭವ. ಸ್ಕೋಪು ಎಷ್ಟು ತೆಳುವಾಗಿದ್ದರೂ ದಾರಿ ಗೊತ್ತಿಲ್ಲದವನಿಗೆ ತೆಳು ಸ್ಕೋಪು ಕೊಟ್ಟರೆ ಇನ್ನೂ ಒಳಗೆ ಹೋಗಿ ದಾರಿ ತಪ್ಪುತ್ತಾನೆ, ಅಷ್ಟೇ ವ್ಯತ್ಯಾಸ.

ಕೇಸಿನ ದಿನ. ರಾತ್ರಿಯಿಂದ ಊಟ ಇಲ್ಲ, ಆರು ಗಂಟೆ ಹೊಟ್ಟೆ ಖಾಲಿ ಇರಬೇಕು. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಮೊದಲೇ ಹೇಳಬೇಕು, ಕ್ಲೋಪಿಡೋಗ್ರೆಲ್ ತರಹದ್ದನ್ನು ಡಾಕ್ಟರನ್ನು ಕೇಳಿಕೊಂಡು ಕೆಲವು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ, ನೀವಾಗಿ ನಿಲ್ಲಿಸಬೇಡಿ. ಮಾಮಾಗೆ ಅಂಥದ್ದೇನೂ ಇರಲಿಲ್ಲ. ಟೇಬಲ್ ಮೇಲೆ ಮಲಗಿದವರು ನನ್ನ ಕೈಯಲ್ಲಿದ್ದ ಸ್ಕೋಪು ನೋಡಿ 'ಇದೇನಪಾ, ಹಾವಿನ ಮರಿ ಇದ್ದಂಗ ಐತಿ' ಅಂದರು. ಆಮೇಲೆ ಅವರು ಕೇಳಿದ ಎರಡನೇ ಪ್ರಶ್ನೆ, ದಲಾಲಿ ಅಂಗಡಿ ಬುದ್ಧಿ ಎಲ್ಲಿ ಹೋಗುತ್ತದೆ, 'ಎಷ್ಟು ಕೊಟ್ಟೀರಿ ಇದಕ್ಕ?' ನಾನು ಹೇಳಿದೆ, 'ಮಾಮಾ, ಒಂದು ಟ್ರ್ಯಾಕ್ಟರ್ ಬರ್ತದ, ಮ್ಯಾಲೆ ರೊಕ್ಕ ಉಳಿತದ.' ಸುಮ್ಮನಾದರು. ಅದಾದ ಮೇಲೆ ಅವರಿಗೆ ತಮ್ಮ ಶ್ವಾಸಕೋಶಕ್ಕಿಂತ ಆ ಪೈಪಿನ ಚಿಂತೆ ಜಾಸ್ತಿ ಆಯಿತು.

ಗಂಟಲಿಗೆ ಲಿಗ್ನೋಕೇನ್ ಸ್ಪ್ರೇ ಹೊಡೆಯುತ್ತೇವೆ. ಕಹಿ. ಒಂದು ನಿಮಿಷಕ್ಕೆ ಗಂಟಲು ಊದಿಕೊಂಡ ಹಾಗೆ, ಉಗುಳು ನುಂಗಲು ಆಗದ ಹಾಗೆ ಅನಿಸುತ್ತದೆ, ನಿಜವಾಗಿ ಊದಿರುವುದಿಲ್ಲ. ಅದನ್ನು ಮೊದಲೇ ಹೇಳಿದರೆ ಜನ ಹೆದರುವುದಿಲ್ಲ. ಕೈಗೆ ಮಂಪರಿನ ಇಂಜೆಕ್ಷನ್ ಕೊಡುತ್ತಾರೆ, ಪೂರ್ತಿ ನಿದ್ದೆ ಅಲ್ಲ. 'ಮಾಮಾ, ಕೆಮ್ಮು ಬಂದ್ರ ಕೈ ಎತ್ರಿ, ಮಾತಾಡಬ್ಯಾಡ್ರಿ' ಅಂದೆ. ಇಲ್ಲಿ ತೆಳು ಸ್ಕೋಪಿಗೆ ಒಂದು ಅಂಕ ಜಾಸ್ತಿ ಕೊಡುತ್ತೇನೆ. ಧ್ವನಿಪೆಟ್ಟಿಗೆ ದಾಟುವಾಗ ದಪ್ಪ ಸ್ಕೋಪಿಗೆ ಜನ ಒದ್ದಾಡುತ್ತಾರೆ, ಇದು ಸರ್ರನೆ ಹೋಗುತ್ತದೆ. ಕೆಮ್ಮು ಇರುತ್ತದೆ, ಇಲ್ಲ ಅಂತಲ್ಲ, ಆದರೆ ಕಡಿಮೆ.

ಒಳಗೆ ಹೋದ ಮೇಲೆ ಇದರ ಸಮಸ್ಯೆಗಳು ಶುರುವಾಗುತ್ತವೆ. ಮೊದಲನೆಯದು ಸಕ್ಷನ್. 1.7ರ ತೂತಿನಿಂದ ಗಟ್ಟಿ ಕಫ ಎಳೆಯುವುದು ಅಂದರೆ ಸ್ಟ್ರಾದಲ್ಲಿ ರಾಗಿ ಮುದ್ದೆ ಎಳೆದ ಹಾಗೆ. ಪ್ರೋಬ್ ಒಳಗಿದ್ದಾಗ ಅದೂ ಇಲ್ಲ. ಎರಡನೆಯದು ಚಿತ್ರ. ದೊಡ್ಡ ಸ್ಕೋಪಿನ ಚಿತ್ರ ನೋಡಿ ಅಭ್ಯಾಸ ಆದವರಿಗೆ ಇದರ ಚಿತ್ರ ಹಳೆ ಟಿವಿ ತರಹ ಅನಿಸುತ್ತದೆ, ಒಂದು ಹನಿ ರಕ್ತ ಮಸೂರಕ್ಕೆ ಅಂಟಿದರೆ ಮಾನಿಟರ್ ಪೂರ್ತಿ ಕೆಂಪು. ಆಗ ಸ್ವಲ್ಪ ಸಲೈನ್ ಬಿಡಬೇಕು, ಕಾಯಬೇಕು, ಮತ್ತೆ ನೋಡಬೇಕು. ಹೊಸದಾಗಿ ಹಿಡಿದವರು ಇಲ್ಲೇ ತಾಳ್ಮೆ ಕಳೆದುಕೊಳ್ಳುತ್ತಾರೆ. ಮೂರನೆಯದು ನನಗೆ ಯಾರೂ ಹೇಳಿರಲಿಲ್ಲ, ನೋಡಿ ಕಲಿತದ್ದು. ಖಾಲಿ ಸ್ಕೋಪು ಚೆನ್ನಾಗಿ ಬಗ್ಗುತ್ತದೆ, ಒಳಗೆ ಫೋರ್ಸೆಪ್ಸ್ ತೂರಿಸಿದ ತಕ್ಷಣ ಅದು ಬಿಗಿಯಾಗಿ ಸ್ವಲ್ಪ ನೆಟ್ಟಗಾಗುತ್ತದೆ. ಮೇಲಿನ ತುದಿಯ ಕೊಳವೆಗೆ ಕಷ್ಟಪಟ್ಟು ಮಣಿದು ಹೋಗಿರುತ್ತೇವೆ, ಫೋರ್ಸೆಪ್ಸ್ ಹಾಕಿದರೆ ಪಕ್ಕದ ಕೊಳವೆಗೆ ಜಾರುತ್ತದೆ. ಸಿ-ಆರ್ಮ್ ಎಕ್ಸ್‌ರೇ ಹಾಕಿ ನೋಡುತ್ತಿರದಿದ್ದರೆ ಗೊತ್ತೂ ಆಗುವುದಿಲ್ಲ, ಬೇರೆ ಎಲ್ಲಿಂದಲೋ ಕಿತ್ತು ತಂದು ಖುಷಿಪಡುತ್ತೇವೆ.

ಮಾಮಾನ ಗಂಟು ಬಲಗಡೆ ಮೇಲಿನ ಹಾಲೆಯಲ್ಲಿ (ಹಾಲೆ ಅಂದರೆ ಶ್ವಾಸಕೋಶದ ಒಂದು ಭಾಗ), 1.9 ಸೆಂ.ಮೀ. ಮೇಡಂ ಚೀಟಿ ನೋಡುತ್ತ ಐದು ಕವಲು ದಾಟಿದರು. ಪ್ರೋಬ್ ಹಾಕಿದೆವು. ಶ್ವಾಸಕೋಶದಲ್ಲಿ ಗಾಳಿ ಇರುವ ಕಡೆ ಅಲ್ಟ್ರಾಸೌಂಡ್ ಪರದೆ ತುಂಬ ಬಿಳಿ ಹಿಮ ಸುರಿದ ಹಾಗೆ ಇರುತ್ತದೆ. ಗಂಟಿನ ಒಳಗೆ ಹೋದರೆ ಪ್ರೋಬಿನ ಸುತ್ತ ಬೂದು ಬಣ್ಣದ ವೃತ್ತ ಕಾಣುತ್ತದೆ, ಅಂಚು ಸ್ಪಷ್ಟ. ಅದು ಕಂಡರೆ ರೂಮಿನಲ್ಲಿ ಎಲ್ಲರ ಮುಖ ಬದಲಾಗುತ್ತದೆ. ಮಾಮಾನದು ಪೂರ್ತಿ ವೃತ್ತ ಬರಲಿಲ್ಲ. ಒಂದು ಕಡೆ ಮಾತ್ರ, ಅರ್ಧಚಂದ್ರದ ಹಾಗೆ. ಅರ್ಥ ಇಷ್ಟೇ, ಕೊಳವೆ ಗಂಟಿನ ಒಳಗೆ ಹೋಗುತ್ತಿಲ್ಲ, ಪಕ್ಕದಿಂದ ಸವರಿಕೊಂಡು ಹೋಗುತ್ತಿದೆ. ಮನೆ ರಸ್ತೆಯ ಮೇಲಿಲ್ಲ, ರಸ್ತೆ ಬದಿಯ ಗೋಡೆಯ ಆಚೆ ಇದೆ. ಮೇಡಂ ಇನ್ನೂ ಎರಡು ಕೊಳವೆ ಹುಡುಕಿದರು. ಅದೇ ಅರ್ಧಚಂದ್ರ. ಬ್ರಶ್ ಹಾಕಿದರು, ಆರೇಳು ಚೂರು ತೆಗೆದರು, ಆ ಜಾಗ ತೊಳೆದು ನೀರು ತೆಗೆದರು. ನಾನು ಫೋರ್ಸೆಪ್ಸ್ ತೆರೆದು ಮುಚ್ಚುತ್ತಿದ್ದೆ, ಕೈ ಬೆವರಿತ್ತು.

ಚೂರು ಅಂದರೆ ಎಷ್ಟು ಗೊತ್ತಾ? ಸಾಸಿವೆಗಿಂತ ಸಣ್ಣ. ಫಾರ್ಮಾಲಿನ್ ಬಾಟಲಿಯಲ್ಲಿ ಹಾಕಿದರೆ ಹುಡುಕಬೇಕು. ತೆಳು ಸ್ಕೋಪಿನ ದೊಡ್ಡ ರಾಜಿ ಇದೇ. ದೂರ ಹೋಗುತ್ತದೆ, ತರುವುದು ಚಿಟಿಕೆ. ಈಗಿನ ಕಾಲದಲ್ಲಿ ಕ್ಯಾನ್ಸರ್ ಹೌದೋ ಅಲ್ಲವೋ ಅಂತ ಹೇಳಿದರೆ ಸಾಲದು, ಯಾವ ಜಾತಿ, ಅದರ ಜೀನಿನಲ್ಲಿ ಇಜಿಎಫ್‌ಆರ್ ತರಹದ ಬದಲಾವಣೆ ಇದೆಯಾ, ಮಾತ್ರೆ ನಡೆಯುತ್ತದಾ ಅಂತೆಲ್ಲ ನೋಡಬೇಕು, ಅದಕ್ಕೆ ಮಾಂಸ ಬೇಕು. ಅದಕ್ಕೇ 1.1 ಮಿ.ಮೀ.ನ ಕ್ರಯೋಪ್ರೋಬ್ ಅಂತ ಒಂದು ಬಂದಿದೆ, ತುದಿಯನ್ನು ಗಂಟಿಗೆ ಹಚ್ಚಿ ಹೆಪ್ಪುಗಟ್ಟಿಸಿ ಕಿತ್ತು ತರುತ್ತದೆ, ಚೂರು ದೊಡ್ಡದು ಸಿಗುತ್ತದೆ. ನಮ್ಮಲ್ಲಿ ಇನ್ನೂ ಬಂದಿಲ್ಲ. ಕೇಳಿದರೆ 'ಬಜೆಟ್' ಅನ್ನುತ್ತಾರೆ.

ಮಾಮಾ ಒಂದು ಗಂಟೆಯಲ್ಲಿ ಎದ್ದು ಕೂತರು, ಗಂಟಲಿನ ಮರಗಟ್ಟಿದ್ದು ಇಳಿಯುವ ತನಕ, ಎರಡು ಗಂಟೆ, ನೀರೂ ಕೊಡಲಿಲ್ಲ, ಅದಕ್ಕೆ ಸಿಟ್ಟಾದರು. ಎಕ್ಸ್‌ರೇ ತೆಗೆದರು, ಶ್ವಾಸಕೋಶ ತೂತಾಗಿಲ್ಲ. ಕಫದಲ್ಲಿ ಸ್ವಲ್ಪ ರಕ್ತ ಬಂತು, ಮರುದಿನಕ್ಕೆ ನಿಂತಿತು. ಸಂಜೆ ಮನೆಗೆ.

ನನ್ನ ಕೆಲಸ ಆಗ ಶುರು. ಇಲ್ಲಿ ಸ್ವಲ್ಪ ಹೊಟ್ಟೆಯೊಳಗಿನದನ್ನು ಹೇಳಿಕೊಳ್ಳುತ್ತೇನೆ. ಸ್ಕೋಪು ಹೊರಗೆ ಬಂದ ತಕ್ಷಣ ಒರೆಸಿ, ನೀರು ಎಳೆಸಿ, ಲೀಕ್ ಟೆಸ್ಟ್ ಮಾಡಬೇಕು. ಗಾಳಿ ತುಂಬಿ ನೀರಲ್ಲಿ ಮುಳುಗಿಸಿ ಗುಳ್ಳೆ ಬರುತ್ತದಾ ನೋಡುವುದು, ಸೈಕಲ್ ಪಂಕ್ಚರ್ ಅಂಗಡಿಯಲ್ಲಿ ಟ್ಯೂಬ್ ನೋಡುವ ಹಾಗೇ. ಆಮೇಲೆ ಎಂಜೈಮ್ ಸೋಪು, ತೂತಿನೊಳಗೆ ಬ್ರಶ್, ಆಮೇಲೆ ಕ್ರಿಮಿನಾಶಕ ದ್ರವ, ಮತ್ತೆ ನೀರು, ಒಣಗಿಸಿ ಬೀರುವಿನಲ್ಲಿ ನೇತು ಹಾಕುವುದು. ದೊಡ್ಡ ಸ್ಕೋಪಿಗೆ ಇದು ದಿನದ ರೊಟೀನ್. ತೆಳು ಸ್ಕೋಪಿಗೆ ಎಲ್ಲ ಸಣ್ಣದು. ಬ್ರಶ್ ಬೇರೆ, ಅದೂ ಮಾಮೂಲಿ ಅಂಗಡಿಯಲ್ಲಿ ಸಿಗದು. ಅವಸರ ಮಾಡಿದರೆ ಒಳಗಿನ ಗೋಡೆಗೆ ಗೀರು ಬೀಳುತ್ತದೆ. ಕೇಸ್ ನಡೆಯುವಾಗ ಬಗ್ಗಿದ ಸ್ಕೋಪಿನೊಳಗೆ ಫೋರ್ಸೆಪ್ಸನ್ನು ಜೋರಾಗಿ ನೂಕಿದರೆ ತೂತೇ ಬೀಳುತ್ತದೆ. ನಮ್ಮಲ್ಲಿ ಮೊದಲ ವರ್ಷವೇ ಹಾಗಾಯಿತು. ಗುಳ್ಳೆ ಬಂತು. ರಿಪೇರಿಗೆ ಹೋದದ್ದು ವಾಪಸ್ ಬರಲು ತಿಂಗಳುಗಳೇ ಬೇಕಾದವು. ಫೋನ್ ಮಾಡಿದರೆ 'ಪಾರ್ಟ್ ಬಂದಿಲ್ಲ ಸರ್'. ಬದಲಿ ಸ್ಕೋಪು ಕೊಡುತ್ತೇವೆ ಅಂತ ಕೊಳ್ಳುವಾಗ ಬಾಯಿಮಾತಲ್ಲಿ ಹೇಳಿದ್ದರು, ಬರವಣಿಗೆಯಲ್ಲಿ ಇರಲಿಲ್ಲ. ಆಸ್ಪತ್ರೆಯವರು ಯಾರಾದರೂ ಓದುತ್ತಿದ್ದರೆ, ಕೊಳ್ಳುವ ಮೊದಲು ಈ ಒಂದು ಸಾಲನ್ನು ಕರಾರಿನಲ್ಲಿ ಬರೆಸಿಕೊಳ್ಳಿ. ಸೇವೆಗೆ ನಾನು ಐದಕ್ಕೆ ಒಂದೂವರೆ ಕೊಡುತ್ತೇನೆ.

ಒಂದು ವಾರದ ಮೇಲೆ ಮಾಮಾನ ರಿಪೋರ್ಟ್ ಬಂತು. ಸಿಬಿನಾಟ್‌ನಲ್ಲಿ ಟಿಬಿ ಇಲ್ಲ. ಚೂರುಗಳಲ್ಲಿ 'ಊತದ ಲಕ್ಷಣ, ಕ್ಯಾನ್ಸರ್ ಕೋಶಗಳು ಕಂಡುಬಂದಿಲ್ಲ'. ಅತ್ತೆ ಫೋನಿನಲ್ಲೇ ಅತ್ತರು. 'ದ್ಯಾಮವ್ವಗ ಉಡಿ ತುಂಬಸ್ತೀನಂತ ಬೇಡ್ಕೊಂಡಿದ್ದೆ' ಅಂದರು. ನನಗೆ ಬಾಯಿ ಬರಲಿಲ್ಲ. ಯಾಕೆಂದರೆ ಪರದೆ ಮೇಲೆ ಆ ಅರ್ಧಚಂದ್ರ ನೋಡಿದ್ದವನು ನಾನು. ಮೇಡಂ ಕರೆದು ಕೂರಿಸಿ ನಿಧಾನವಾಗಿ ಹೇಳಿದರು: 'ಕ್ಯಾನ್ಸರ್ ಕಾಣಲಿಲ್ಲ' ಅನ್ನುವುದಕ್ಕೂ 'ಕ್ಯಾನ್ಸರ್ ಇಲ್ಲ' ಅನ್ನುವುದಕ್ಕೂ ವ್ಯತ್ಯಾಸ ಇದೆ. ಟಿಬಿ ಅಂತ ಬಂದಿದ್ದರೆ ಅದು ಉತ್ತರ. ಬರೀ ಊತ ಅಂತ ಬಂದರೆ ಅದು ಉತ್ತರ ಅಲ್ಲ, ನಮ್ಮ ಫೋರ್ಸೆಪ್ಸ್ ಗಂಟಿಗೆ ತಾಗಿಲ್ಲ ಅಂತಲೂ ಇರಬಹುದು. ಬೀಡಿ ಸೇದಿದ ಮನುಷ್ಯ, ಅಂಚು ಮುಳ್ಳುಮುಳ್ಳಾದ ಗಂಟು, ಇದನ್ನು ಇಲ್ಲಿಗೇ ಬಿಡಲು ಆಗುವುದಿಲ್ಲ.

ಈ ಸ್ಕೋಪಿನ ಬಗ್ಗೆ ಓದುವವರು ಈ ಲೆಕ್ಕ ಗೊತ್ತು ಮಾಡಿಕೊಳ್ಳಬೇಕು. ಬಗ್ಗುವ ಬ್ರಾಂಕೋಸ್ಕೋಪು ಹುಟ್ಟಿದ್ದೇ ಜಪಾನಿನಲ್ಲಿ, 1960ರ ದಶಕದಲ್ಲಿ ಶಿಗೆತೊ ಇಕೆಡಾ ಎಂಬ ಡಾಕ್ಟರ್ ಮಾಡಿಸಿದ್ದು, ತೆಳು ಸ್ಕೋಪಿನ ದೊಡ್ಡ ಪರೀಕ್ಷೆಗಳೂ ಅಲ್ಲೇ ಆದವು. ನಗೋಯಾದ ಡಾಕ್ಟರ್ ಮಸಾಹಿದೆ ಓಕಿ ಮತ್ತು ಜತೆಗಾರರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 3 ಸೆಂ.ಮೀ. ಒಳಗಿನ ಗಂಟಿರುವ ಮುನ್ನೂರಕ್ಕೂ ಹೆಚ್ಚು ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ 3 ಮಿ.ಮೀ., ಇನ್ನೊಂದಕ್ಕೆ 4 ಮಿ.ಮೀ. ಸ್ಕೋಪು ಹಾಕಿದರು. ಎರಡರಲ್ಲೂ ಈಬಸ್ ಕಡ್ಡಿ ಇತ್ತು. 3ರಲ್ಲಿ ನೂರಕ್ಕೆ 74 ಜನಕ್ಕೆ ಉತ್ತರ ಸಿಕ್ಕಿತು, 4ರಲ್ಲಿ 59. 2019ರಲ್ಲಿ ಮತ್ತೆ ಮಾಡಿದರು, 3ರಲ್ಲಿ ನೂರಕ್ಕೆ 70, 4ರಲ್ಲಿ 59. ಮಜಾ ಏನೆಂದರೆ 2015ರ ಲೆಕ್ಕದಲ್ಲಿ ತೆಳು ಸ್ಕೋಪು ಸಾಮಾನ್ಯವಾಗಿ ಐದನೇ ಕವಲಿಗೆ ಮುಟ್ಟಿತು, ಇನ್ನೊಂದು ನಾಲ್ಕಕ್ಕೆ. ಇಷ್ಟೆಲ್ಲ ಒದ್ದಾಡಿ ಒಂದೇ ಕವಲು ಮುಂದೆ! ಆದರೆ ಆ ಒಂದು ಕವಲಿನಲ್ಲೇ ಹತ್ತು ಹದಿನೈದು ಜನರ ಉತ್ತರ ಇದೆ. ಇನ್ನೊಂದು ಕಡೆಯಿಂದ ನೋಡಿದರೆ, ಈ ಕೆಲಸದಲ್ಲಿ ಪಳಗಿದ ಜಪಾನಿನವರ ಕೈಯಲ್ಲೇ ನೂರಕ್ಕೆ 26ರಿಂದ 30 ಜನ ಉತ್ತರ ಇಲ್ಲದೆ ಮನೆಗೆ ಹೋದರು. ನಮ್ಮ ಮಾಮಾ ಆ ಲೆಕ್ಕದವರು.

ಮುಂದಿನ ದಾರಿ ಹೊರಗಿನಿಂದ ಸೂಜಿ. ಸಿಟಿ ಮೆಷಿನ್ನಿನಲ್ಲಿ ಮಲಗಿಸಿ, ಪಕ್ಕೆಲುಬಿನ ನಡುವಿನಿಂದ ಸೂಜಿ ಹಾಕಿ ಗಂಟಿಗೇ ಚುಚ್ಚುವುದು. ಹಾಗಾದರೆ ಮೊದಲೇ ಅದನ್ನೇ ಯಾಕೆ ಮಾಡಲಿಲ್ಲ ಅಂತ ಅತ್ತೆ ಕೇಳಿದರು, ನ್ಯಾಯವಾದ ಪ್ರಶ್ನೆ. ಕಾರಣ ಗಾಳಿ. ಹೊರಗಿನಿಂದ ಚುಚ್ಚಿದಾಗ ಶ್ವಾಸಕೋಶದಿಂದ ಗಾಳಿ ಸೋರಿ ಸುತ್ತ ತುಂಬಿಕೊಳ್ಳುವ ಅಪಾಯ ಜಾಸ್ತಿ, ಬೀಡಿ ಸೇದಿ ಹಾಳಾದ ಶ್ವಾಸಕೋಶದಲ್ಲಿ ಇನ್ನೂ ಜಾಸ್ತಿ. ಅಮೆರಿಕದಲ್ಲಿ ಕಂಪ್ಯೂಟರ್ ದಾರಿ ತೋರಿಸುವ ಬ್ರಾಂಕೋಸ್ಕೋಪಿಯನ್ನೂ ಸೂಜಿಯನ್ನೂ ಹೋಲಿಸಿ 2025ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗಾಳಿ ಸೋರಿದ್ದು ಬ್ರಾಂಕೋಸ್ಕೋಪಿಯಲ್ಲಿ ನೂರಕ್ಕೆ 3 ಜನಕ್ಕೆ, ಸೂಜಿಯಲ್ಲಿ 28 ಜನಕ್ಕೆ. ನಮ್ಮ ಸ್ಕೋಪಿಗೆ ಆ ಕಂಪ್ಯೂಟರ್ ಇಲ್ಲ, ಹಾಗಾಗಿ ಅಂಕಿಯನ್ನು ಹಾಗೇ ನಮಗೆ ಹಚ್ಚಬಾರದು, ಆದರೆ ಯಾಕೆ ಮೊದಲು ಒಳಗಿನ ದಾರಿ ಹಿಡಿಯುತ್ತಾರೆ ಅನ್ನುವುದು ಅರ್ಥ ಆಗುತ್ತದೆ ಅಲ್ವಾ?

ಮಾಮಾಗೆ ಸೂಜಿ ಹಾಕಿದರು. ಗಾಳಿ ಸ್ವಲ್ಪ ಸೋರಿತು, ಟ್ಯೂಬ್ ಹಾಕುವಷ್ಟಲ್ಲ, ಒಂದು ರಾತ್ರಿ ಆಕ್ಸಿಜನ್ ಕೊಟ್ಟು ಇಟ್ಟುಕೊಂಡರು. ರಿಪೋರ್ಟ್: ಅಡಿನೋಕಾರ್ಸಿನೋಮ, ಅಂದರೆ ಒಂದು ಬಗೆಯ ಕ್ಯಾನ್ಸರ್. ಬೇರೆ ಕಡೆ ಹರಡಿರಲಿಲ್ಲ. ಬೆಂಗಳೂರಿಗೆ ಕರೆದುಕೊಂಡು ಹೋಗಿ ಬಲಗಡೆ ಮೇಲಿನ ಹಾಲೆ ತೆಗೆಸಿದೆವು.

ಹಾಗಾದರೆ ಈ ಸ್ಕೋಪು ದಂಡವಾ? ಸ್ವಂತ ಮನೆಯ ಕೇಸಿನಲ್ಲೇ ಸೋತಿತಲ್ಲ ಅಂತ ನಮ್ಮ ರೂಮಿನ ಸಿಸ್ಟರ್ ಕೂಡ ಅಂದರು. ನಾನು ಹಾಗೆ ನೋಡುವುದಿಲ್ಲ. ಅದೇ ತಿಂಗಳು ಒಬ್ಬ ಹೆಂಗಸು ಬಂದಿದ್ದರು, ಸಿಟಿಯಲ್ಲಿ ಕೊಳವೆ ನೇರವಾಗಿ ಗಂಟಿನೊಳಗೆ ಹೋಗುವುದು ಬರಿಗಣ್ಣಿಗೇ ಕಾಣುತ್ತಿತ್ತು. ಪ್ರೋಬ್ ಹಾಕಿದರೆ ಪೂರ್ಣಚಂದ್ರ. ಮೂರು ದಿನಕ್ಕೆ ಉತ್ತರ. ಇನ್ನೊಬ್ಬರು ಕ್ಯಾನ್ಸರ್ ಅಂತ ಹೆದರಿ, ಆಪರೇಶನ್ನಿಗೆ ಅಂತ ಜಮೀನು ಮಾರಲು ಹೊರಟವರು, ತೊಳೆದ ನೀರಿನಲ್ಲಿ ಟಿಬಿ ಸಿಕ್ಕಿತು. ಅವರು ಮಾತ್ರೆ ಮುಗಿಸಿ ಒಂದು ಚೀಲ ಜೋಳ ತಂದು ಕೊಟ್ಟರು, ಬೇಡ ಅಂದರೂ ಕೇಳಲಿಲ್ಲ. ಸಿಟಿಯಲ್ಲಿ ಕೊಳವೆ ಗಂಟಿನೊಳಗೆ ಹೋಗುವುದು ಕಂಡರೆ ತೆಳು ಸ್ಕೋಪು ಕೆಲಸ ಮಾಡುತ್ತದೆ. ಪಕ್ಕದಲ್ಲಿ ಹಾದು ಹೋದರೆ ಅದೃಷ್ಟ ಬೇಕು. ಇದನ್ನು ಡಾಕ್ಟರನ್ನು ಮೊದಲೇ ಕೇಳಬಹುದು: 'ಕೊಳವೆ ಗಂಟಿನ ಒಳಗೆ ಹೋಗುತ್ತಾ, ಪಕ್ಕಕ್ಕೆ ಹೋಗುತ್ತಾ? ಉತ್ತರ ಬರದಿದ್ದರೆ ಮುಂದೇನು?' ಸಿಟ್ಟಾಗದೆ ಉತ್ತರ ಕೊಟ್ಟರೆ ಅಲ್ಲೇ ಮಾಡಿಸಿ. ದುಡ್ಡಿನ ವಿಷಯಕ್ಕೆ, ಪ್ರೋಬು, ಸಿ-ಆರ್ಮು, ಲ್ಯಾಬು ಎಲ್ಲ ಸೇರಿ ಎಷ್ಟು ಅಂತ ಒಂದೇ ಚೀಟಿಯಲ್ಲಿ ಬರೆಸಿಕೊಳ್ಳಿ, ಇಲ್ಲದಿದ್ದರೆ ಕೊನೆಗೆ ಬಿಲ್ಲು ಕವಲೊಡೆಯುತ್ತದೆ.

ಅಮೆರಿಕದಲ್ಲಿ ಇದೇ ಕೆಲಸಕ್ಕೆ ರೋಬೋಟ್ ಬಂದಿದೆ, ಅದರಲ್ಲೊಂದರ ನಳಿಕೆ 3.5 ಮಿ.ಮೀ., ಹೋದ ಜಾಗದಲ್ಲಿ ಅಲುಗದೆ ನಿಲ್ಲುತ್ತದಂತೆ. ನನಗೆ ಹೊಟ್ಟೆಕಿಚ್ಚು ಆಗುವುದು ಆ ಅಲುಗದೆ ನಿಲ್ಲುವುದಕ್ಕೆ. ಮೇಡಂ ಕೈ ಇಪ್ಪತ್ತು ನಿಮಿಷ ಒಂದೇ ಕಡೆ ಹಿಡಿದು ಹಿಡಿದು ನಡುಗುವುದನ್ನು ನೋಡಿದವನಿಗೆ ಅದರ ಬೆಲೆ ಗೊತ್ತು. ನಮ್ಮ ಕಡೆಗೆ ಅದು ಬರುವ ತನಕ ಈ 3 ಮಿ.ಮೀ.ಗೆ ಐದಕ್ಕೆ ನಾಲ್ಕು. ಅರ್ಧ ಅಂಕ ಸಕ್ಷನ್ನಿಗೆ, ಅರ್ಧ ಅಂಕ ಆ ಸಾಸಿವೆ ಚೂರಿಗೆ ಕಡಿತ.

ಮಾಮಾ ಈಗ ಮತ್ತೆ ಮಾರುಕಟ್ಟೆಗೆ ಹೋಗುತ್ತಾರೆ, ಚೀಲದ ಹತ್ತಿರ ನಿಲ್ಲುವುದಿಲ್ಲ, ಮುಖಕ್ಕೆ ಟವೆಲ್ ಸುತ್ತಿಕೊಂಡು ಲೆಕ್ಕದ ಪುಸ್ತಕದ ಮುಂದೆ ಕೂರುತ್ತಾರೆ. ಬೀಡಿ ಬಿಟ್ಟಿದ್ದೇನೆ ಅನ್ನುತ್ತಾರೆ, ಅತ್ತೆ ನಂಬುವುದಿಲ್ಲ. ತಿಂಗಳಿಗೊಮ್ಮೆ ಫೋನ್ ಬರುತ್ತದೆ. ಅವರ ಆರೋಗ್ಯ ಕೇಳುವುದರೊಳಗೆ ಅವರದೇ ಪ್ರಶ್ನೆ ಬಂದಿರುತ್ತದೆ: 'ತಮ್ಮಾ, ನಿಮ್ಮ ಪೈಪ್ ಹೆಂಗೈತಿ? ಮತ್ತ ತೂತ ಬಿದ್ದಿಲ್ಲ ಹೌದಿಲ್ಲೋ?'